ಗೂಬೆ ಹೊಕ್ಕ ಮನೆಯ ಸಿದ್ದಯ್ಯ

ಮಾಳದಕೊಪ್ಪಲಿಗೆ ಹೋಗಿ ಡ್ರೈವರ್ ಸಿದ್ದಯ್ಯನ ಮನೆ ಯಾವುದು ಎಂದು ಕೇಳಿದರೆ, ‘ಯಾವ್ದು, ಗೂಬೆ ಮನೆನಾ?’ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಕೇಳಲಿ. ಹೌದು, ಗೂಬೆ ಮನೆಯೇ, ದಾರಿ ತೋರಿಸಿ ಎನ್ನಿ. ಆ ಹೆಸರಿನಿಂದ ಸಿದ್ದಯ್ಯನ ಮಾನ ಹೋಗುತ್ತದೆ ಎಂದುಕೊಂಡವರಿಗೆ ಸಿದ್ದಯ್ಯ ಯಾರೆಂಬುದೇ ಗೊತ್ತಿಲ್ಲ. ನನಗೆ ಗೊತ್ತು. ಅವನು ಓಡಿಸಿದ ಬಸ್ಸಿಗೆ ಬಹಳ ವರ್ಷ ಕಂಡಕ್ಟರ್ ಆಗಿದ್ದವನು ನಾನು, ಅದೇ ಊರಿನ ನಿಂಗರಾಜು. ವಯಸ್ಸಿನಲ್ಲಿ ಅವನು ನನಗಿಂತ ಹಿರಿಯ. ಆದರೂ ಏಕವಚನದಲ್ಲೇ ಬರೆಯುತ್ತೇನೆ. ಇದು ಸರಿಯಲ್ಲ ಎನ್ನುವವರು ಬೇಕಾದರೆ ಅವನನ್ನೇ ಹೋಗಿ ಕೇಳಲಿ.

ನಮ್ಮ ಬಸ್ಸು ಹುಣಸೂರಿನಿಂದ ಹೊರಟು ಕೋಟೆ ಪಟ್ಟಣ ಮುಟ್ಟಿ, ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಮುಖ ತಿರುಗಿಸಿ ಮತ್ತೆ ಹುಣಸೂರಿಗೆ ಬರುತ್ತಿತ್ತು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಹಿಂದುಗಡೆ ಇದ್ದಿಲ ಒಲೆ ಕಟ್ಟಿಕೊಂಡು ಓಡಿದ ಬಸ್ಸು ಅದು. ಏರು ಬಂದರೆ ಜನರೇ ಇಳಿದು ತಳ್ಳಬೇಕು. ಸಿದ್ದಯ್ಯ ಸ್ಟೇರಿಂಗ್ ಮುಂದೆ ಕೂತರೆ ಬಾಯಿ ಬಿಡುತ್ತಿರಲಿಲ್ಲ. ಬಯ್ಯುವುದು, ಕೂಗುವುದು, ಜಗಳ ಕಾಯುವುದು ಎಲ್ಲ ನನ್ನ ಪಾಲಿಗೆ. ಆದರೆ ದಾರಿಯಲ್ಲಿ ಎಲ್ಲಾದರೂ ತಂತಿಯ ಮೇಲೆ ನೀಲಿ ರೆಕ್ಕೆಯ ಹಕ್ಕಿಯೊಂದು ಕೂತಿದ್ದರೆ ಸಾಕು, ‘ನಿಂಗ, ಅದನ್ನ ನೋಡ್ದೇನ್ಲಾ?’ ಎನ್ನುತ್ತಿದ್ದ. ನಾನು ಟಿಕೇಟು ಹರಿಯುವುದು ಬಿಟ್ಟು ಬಗ್ಗಿ ನೋಡುವುದರೊಳಗೆ ಹಕ್ಕಿಯೂ ಇಲ್ಲ, ತಂತಿಯೂ ಇಲ್ಲ. ನಿಲ್ಲಿಸುವಂತಿಲ್ಲ, ಹಿಂದೆ ಜನ ಇದ್ದಾರೆ, ಮುಂದೆ ಟೈಮು ಇದೆ. ‘ಓಯ್ತು ಬುಡು’ ಎಂದು ಗೇರು ಬದಲಾಯಿಸುತ್ತಿದ್ದ. ಊರ ಹೆಸರುಗಳ ವಿಷಯದಲ್ಲೂ ಅವನದು ಇದೇ ಹುಚ್ಚು. ಹತ್ತಿದ ಮುದುಕರನ್ನೆಲ್ಲ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ನಿಮ್ಮೂರಿಗೆ ಆ ಹೆಸರು ಯಾಕೆ ಬಂತು, ಕೆರೆ ಕಟ್ಟಿಸಿದವರು ಯಾರು ಎಂದು ಕೇಳಿಸುವುದು ನನ್ನ ಕೈಲಿ. ಕಂಡಕ್ಟರ್ ಕೆಲಸದಲ್ಲಿ ಇದೂ ಒಂದು ಎಂದು ಕಂಪನಿಯವರು ನನಗೆ ಹೇಳಿರಲಿಲ್ಲ.

ಐವತ್ಮೂರನೇ ಇಸವಿಯಲ್ಲಿ ಅವನಿಗೆ ಹತ್ತಿರದ್ದು ಮಸುಕಾಗಿ, ದೂರದ್ದು ಮಾತ್ರ ಚೆನ್ನಾಗಿ ಕಾಣತೊಡಗಿತು. ಕಂಪನಿ ಒಂದು ಶಾಲು ಹೊದಿಸಿ ಮನೆಗೆ ಕಳಿಸಿತು. ಮಾಲೀಕರು, ‘ಇನ್ನೇನ್ ಮಾಡ್ತೀರಿ ಸಿದ್ದಯ್ಯ?’ ಎಂದರು. ‘ಬೇಕಾದ ಕಡೆ ನಿಲ್ತೀನಿ ಬುದ್ಧಿ’ ಎಂದ. ಮಾಲೀಕರಿಗೆ ಅರ್ಥವಾಗಲಿಲ್ಲ, ನಕ್ಕರು.

ಮಾರನೆಯ ದಿನ ಅದೇ ರಸ್ತೆಯಲ್ಲಿ ನನ್ನ ಬಸ್ಸು ಬರುವಾಗ ನೋಡುತ್ತೇನೆ, ಸಿದ್ದಯ್ಯ ಹಾಲುಮರದ ಕೆಳಗೆ ಕತ್ತೆತ್ತಿಕೊಂಡು ನಿಂತಿದ್ದಾನೆ. ಕೈಯಲ್ಲಿ ದುರ್ಬೀನು. ಕೊಡಗಿನ ಕಾಫಿ ತೋಟದ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ವಾಪಸು ಹೊರಟಾಗ, ಕಷ್ಟದ ದಾರಿಯಲ್ಲಿ ಜೋಪಾನವಾಗಿ ಇಳಿಸಿದ್ದಕ್ಕೆ ಅವನಿಗೆ ಕೊಟ್ಟು ಹೋದದ್ದು. ಹೊಸ ಡ್ರೈವರ್ ಹಾರನ್ ಹೊಡೆದ. ಸಿದ್ದಯ್ಯ ತಿರುಗಿಯೂ ನೋಡಲಿಲ್ಲ. ಅವತ್ತು ಸಂಜೆ ಕೇಳಿದೆ, ಏನು ನೋಡುತ್ತಿದ್ದೆ ಎಂದು. ‘ಗೀಜಗ ಗೂಡು ನೇಯ್ತಿತ್ತು ಕಣ್ಲಾ. ಎಣ್ಣಕ್ಕಿ ಬಂದು ಒಳಗೆ ಇಣುಕಿ ನೋಡಿ, ಮನೆ ಸರಿಯಿಲ್ಲ ಅಂತ ಓಗ್ಬುಡ್ತು. ಪಾಪ, ಗಂಡು ಎಲ್ಲಾ ಬಿಚ್ಚಿ ಮತ್ತೆ ಸುರು ಮಾಡ್ತು’ ಎಂದ. ಒಂದು ಹೊತ್ತಿನ ಊಟ ಬಿಟ್ಟು ನೋಡಿದ್ದನಂತೆ. ಅಷ್ಟು ಸುಖವಾಗಿ ಅವನು ನಗುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಬಾಲ ಅಲ್ಲಾಡಿಸುತ್ತ ಅತ್ತಿಂದಿತ್ತ ಓಡುವ ಒಂದು ಸಣ್ಣ ಹಕ್ಕಿ ಕೆರೆಯಂಚಿನಲ್ಲಿ ಇರುತ್ತದಲ್ಲ, ಅದಕ್ಕೆ ‘ನಿಂಗರಾಜು’ ಎಂದು ಹೆಸರಿಟ್ಟ. ನಿಂತಲ್ಲಿ ನಿಲ್ಲುವುದಿಲ್ಲವಂತೆ, ಬರೀ ಗಲಾಟೆಯಂತೆ. ಕೆರೆಗೆ ಬರುವ ಹೆಂಗಸರೆಲ್ಲ ಅದನ್ನು ಈಗಲೂ ಹಾಗೆಯೇ ಕರೆಯುತ್ತಾರೆ. ನನ್ನ ಹೆಂಡತಿಯೂ ಕರೆಯುತ್ತಾಳೆ.

ಊರಿಗೆ ಇದು ಹಿಡಿಸಲಿಲ್ಲ. ಅರವತ್ತರ ಹತ್ತಿರದ ಗಂಡಸು ಕೆರೆ ಏರಿಯ ಮೇಲೆ ದುರ್ಬೀನು ಹಿಡಿದು ನಿಂತರೆ ಬಟ್ಟೆ ಒಗೆಯುವವರನ್ನು ನೋಡುತ್ತಾನೆ ಎಂದೇ ಅರ್ಥ ಎಂದು ಪಟೇಲರ ಜಗಲಿಯಲ್ಲಿ ತೀರ್ಮಾನವಾಯಿತು. ಸಿದ್ದಯ್ಯ ಜಗಲಿಗೆ ಹೋಗಿ ವಾದ ಮಾಡಲಿಲ್ಲ. ನೆಟ್ಟಗೆ ಸೋಪಾನದ ಕಲ್ಲಿಗೆ ಇಳಿದು ದುರ್ಬೀನನ್ನು ಹೆಂಗಸರ ಕೈಗೇ ಕೊಟ್ಟ. ‘ನೀವೇ ನೋಡ್ರವ್ವ, ನಾನೇನ್ ನೋಡ್ತೀನಿ ಅಂತ.’ ಕೂಲಿ ಮಾಡುವ ಮುದುಕಿ ಪುಟ್ಟಮಾದಮ್ಮ ಮೊದಲು ಕಣ್ಣಿಗಿಟ್ಟುಕೊಂಡಳು. ಬೆಳ್ಳಕ್ಕಿಯನ್ನು ನೋಡಿ, ‘ಇದ್ರ ಕಣ್ಣು ಅಳದಿ ಬಣ್ಣ ಕಣ್ರವ್ವ. ಇಷ್ಟ್ ವರ್ಸ ಇಲ್ಲೇ ನಿಂತಿದ್ರೂ ಗೊತ್ತಾಗ್ನಿಲ್ಲ’ ಎಂದಳು. ಆಮೇಲೆ ದುರ್ಬೀನಿಗೆ ಸರದಿ ಸಾಲು ಬೆಳೆಯಿತು. ಜಗಲಿಯ ಮಾತು ತಾನಾಗಿ ಬಿದ್ದುಹೋಯಿತು.

ಮಧ್ಯಾಹ್ನದ ಹೊತ್ತು ಅವನಿಗೆ ಊರ ಕಥೆಗಳ ಕೆಲಸ. ವೀರಗಲ್ಲು ಕಂಡರೆ ಕೂತು ಕೈಯಾಡಿಸುತ್ತಿದ್ದ, ಮುದುಕರು ಕಂಡರೆ ಮಾತಿಗೆ ಎಳೆಯುತ್ತಿದ್ದ. ಅದರಲ್ಲಿ ಅವನನ್ನು ಬಿಡದೆ ಕಾಡಿದ್ದು ಹಳೇಮಾಳ. ನಮ್ಮ ಊರಿನಿಂದ ಕೂಗಳತೆ ದೂರದಲ್ಲಿ, ಕತ್ತಾಳೆ ಮತ್ತು ಪಾಪಾಸುಕಳ್ಳಿಯ ಮಧ್ಯೆ, ಬೀಸುವ ಕಲ್ಲು, ಒರಳು, ಹೊಸಿಲುಗಳು ಇದ್ದ ಜಾಗದಲ್ಲೇ ಉಳಿದಿರುವ ಒಂದು ಪಾಳು ಊರು. ದನ ಕಾಯುವವರೂ ಅಲ್ಲಿಗೆ ಕಾಲಿಡುವುದಿಲ್ಲ. ಯಾಕೆ ಎಂದರೆ ಎಲ್ಲರದೂ ಒಂದೇ ಉತ್ತರ: ಊರೊಳಕ್ಕೆ ಗೂಬೆ ಬಂತು, ಜನ ಸತ್ತರು, ಉಳಿದವರು ಬಿಟ್ಟು ಬಂದು ಕೊಪ್ಪಲು ಕಟ್ಟಿದರು. ಅಷ್ಟು ದೊಡ್ಡ ಊರು ಒಂದು ಹಕ್ಕಿಗೆ ಹೆದರಿ ಎದ್ದು ಹೋಯಿತು ಎಂದರೆ ಸಿದ್ದಯ್ಯ ನಂಬಲು ತಯಾರಿರಲಿಲ್ಲ. ಹಾಗೆಂದು ಬೇರೆ ಕಾರಣವೂ ಅವನಿಗೆ ಸಿಕ್ಕಿರಲಿಲ್ಲ.

ಇಷ್ಟು ಹೊತ್ತಿಗೆ ಐವತ್ತೈದರ ಕಾರ್ತಿಕ ಬಂತು. ಅವನ ಒಬ್ಬಳೇ ಮಗಳು ನೀಲಾಂಬಿಕೆ ಬಸುರಿ. ಕೃಷ್ಣರಾಜನಗರದ ಆಚೆ ಭೇರ್ಯಕ್ಕೆ ಕೊಟ್ಟಿದ್ದ ಹುಡುಗಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಸಿದ್ದಯ್ಯನ ಹೆಂಡತಿ ಗುರುಶಾಂತಮ್ಮ ಹೆತ್ತ ಮೂವರಲ್ಲಿ ಉಳಿದವಳು ಇವಳೊಬ್ಬಳೇ. ಆಯಮ್ಮ ಬಾಣಂತನದ ಕೋಣೆಗೆ ಸುಣ್ಣ ಹೊಡೆಸಿ, ಎಣ್ಣೆ ಕಾಯಿಸಿ, ಹಳೆ ಸೀರೆಗಳನ್ನು ಒಗೆದು ಮಡಿಸಿ ಇಟ್ಟುಕೊಂಡು ಮಗಳ ದಾರಿ ಕಾಯುತ್ತಿದ್ದಳು. ನನ್ನನ್ನು ಕಂಡಾಗಲೆಲ್ಲ, ಭೇರ್ಯದ ಬಸ್ಸು ಎಷ್ಟು ಕುಲುಕುತ್ತದೆ ಎಂದು ಕೇಳುತ್ತಿದ್ದಳು.

ಒಂದು ಮುಸ್ಸಂಜೆ ಗುರುಶಾಂತಮ್ಮ ಅಡಿಗೆಮನೆಯಿಂದ ಹೊರಗೆ ಬಂದು, ‘ಅಟ್ಟದ ಮೇಲೆ ಯಾರೋ ಉಸ್ ಅಂತವ್ರೆ’ ಎಂದಳು. ಸಿದ್ದಯ್ಯ ಏಣಿ ಹತ್ತಿ ನೋಡಿದ. ಸೂರಿನ ಮೂಲೆಯಲ್ಲಿ ಹೆಂಚು ಒಡೆದ ಸಂದಿನಿಂದ ಬಂದು, ಹಳೇ ಮಂಕರಿಬುಟ್ಟಿಯ ಹಿಂದೆ ಬಿಳಿ ಮುಖದ ಜೋಡಿಯೊಂದು ಕೂತಿತ್ತು. ಅವನು ಇಳಿದು ಬಂದು ಪಿಸುಮಾತಿನಲ್ಲಿ, ‘ಗೂಬೆ. ಎರಡವೆ. ಸದ್ದು ಮಾಡ್ಬೇಡ’ ಎಂದನಂತೆ, ಮನೆಗೆ ನೆಂಟರು ಬಂದವರ ಹಾಗೆ ಮುಖ ಅರಳಿಸಿಕೊಂಡು. ಗುರುಶಾಂತಮ್ಮ ಇದ್ದಲ್ಲೇ ಗೋಡೆಗೆ ಒರಗಿ ಕುಸಿದು ಕೂತಳು.

ನಮ್ಮ ಕಡೆ ಗೂಬೆ ಹೊಕ್ಕ ಮನೆಯಲ್ಲಿ ಯಾರೂ ಇರುವುದಿಲ್ಲ. ಮೂರು ತಿಂಗಳು ಮನೆ ಬಿಟ್ಟು, ಬಾಗಿಲಿಗೆ ಮುಳ್ಳು ಬಡಿದು, ಆಮೇಲೆ ಶಾಂತಿ ಮಾಡಿಸಿ, ಹಸುವನ್ನು ಮುಂದೆ ಬಿಟ್ಟುಕೊಂಡು ಮತ್ತೆ ಒಳಗೆ ಬರಬೇಕು. ಅಲ್ಲಿವರೆಗೆ ಆ ಮನೆಯ ನೀರನ್ನು ಯಾರೂ ಕುಡಿಯುವುದಿಲ್ಲ. ಮಾರನೆಯ ದಿನವೇ ಪಟೇಲರು ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. ಬೀದಿಯಲ್ಲೇ ನಿಂತು, ಸಿದ್ದಯ್ಯ, ಯಾವಾಗ ಖಾಲಿ ಮಾಡ್ತೀಯ ಎಂದರು.

‘ಕೊರಳಲ್ಲಿ ಲಿಂಗ ಅದೆ, ಅಟ್ಟದಲ್ಲಿ ಗೂಬೆ ಅದೆ. ನಾನು ಯಾವ್ದನ್ನ ನಂಬ್ಲಿ ಹೇಳಿ ಪಟೇಲ್ರೇ. ನೀವು ಯಾವ್ದನ್ನ ನಂಬ್ತೀರಿ, ಅದನ್ನೂ ಹೇಳಿ’ ಎಂದ ಸಿದ್ದಯ್ಯ.

ಪಟೇಲರ ಕೊರಳಲ್ಲೂ ಲಿಂಗವಿತ್ತು. ಅವರು ಬಂದ ದಾರಿಯಲ್ಲೇ ತಿರುಗಿದರು. ಆದರೆ ಸುದ್ದಿ ಹೋಗಬೇಕಾದ ಕಡೆ ಹೋಯಿತು. ನೀಲಾಂಬಿಕೆಯ ಮಾವ ಚಿಕ್ಕಬಸಪ್ಪ, ಭೇರ್ಯದಲ್ಲಿ ಭತ್ತದ ವ್ಯಾಪಾರ ಮಾಡುವ ಭಾರಿ ಕುಳ, ತಾನೇ ಬಂದ. ಬಂದವನು ಬೀಗರ ಮನೆಯ ಹೊಸಿಲು ದಾಟಲಿಲ್ಲ, ಎದುರು ಮನೆಯ ಜಗಲಿಯ ಮೇಲೆ ಕೂತ. ಆಡಿದ್ದು ಮಾತ್ರ ಕಡ್ಡಿ ಮುರಿದ ಹಾಗೆ. ‘ಮನೆ ಬುಡಿ. ಇಲ್ಲ, ಅದನ್ನ ಹೊಗೆ ಹಾಕಿ ಓಡ್ಸಿ ಶಾಂತಿ ಮಾಡ್ಸಿ. ಎರಡೂ ಆಗಲ್ಲ ಅಂದ್ರೆ ನಮ್ ಸೊಸೆ ಭೇರ್ಯದಲ್ಲೇ ಹೆರ್ತಾಳೆ. ನನ್ ಮೊಮ್ಮಗು ಗೂಬೆ ಕೆಳಗೆ ಕಣ್ ಬಿಡೋದು ನನಗೆ ಬೇಕಾಗಿಲ್ಲ.’

‘ಈ ಮನೆ ಕಟ್ಟಿದ್ದು ನಾನು. ಯಾರಿರಬೇಕು ಯಾರಿರಬಾರ್ದು ಅಂತ ಹೇಳೋನೂ ನಾನೇ’ ಎಂದ ಸಿದ್ದಯ್ಯ. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಆದರೆ ಬಾಗಿಲ ಹಿಂದೆ ನಿಂತಿದ್ದ ಗುರುಶಾಂತಮ್ಮನ ಮುಖ ನೋಡಿ ಕೈ ಕಟ್ಟಿಕೊಂಡೆ.

ಆಯಮ್ಮ ಅವತ್ತು ಗಂಡನಿಗೆ ಒಂದೇ ಮಾತು ಹೇಳಿದಳು. ‘ನಿಮಗೆ ಹಕ್ಕಿ ಬೇಕು. ನನಗೆ ನನ್ ಮಗಳು ಬೇಕು.’ ಆಮೇಲೆ ಮಾತು ನಿಲ್ಲಿಸಿದಳು. ತಟ್ಟೆ ಇಟ್ಟು, ಮುದ್ದೆ ಇಕ್ಕಿ, ಒಳಗೆ ಹೋಗುತ್ತಿದ್ದಳು. ಮಡಿವಂತೆ ಹೆಂಗಸು ಬೇರೆ. ಮಾಂಸ ಸೋಕದ ಮನೆಯಲ್ಲಿ ಅಟ್ಟದಿಂದ ದಿನಾ ಇಲಿಯ ಮೂಳೆ, ಕೂದಲಿನ ಉಂಡೆ ಬೀಳುತ್ತಿದ್ದವು. ಬೆಳಗಾದರೆ ಮೊರದಲ್ಲಿ ತುಂಬಿ ತಿಪ್ಪೆಗೆ ಹಾಕಿ, ಸ್ನಾನ ಮಾಡಿ, ಆಮೇಲೆ ಲಿಂಗಪೂಜೆಗೆ ಕೂರುತ್ತಿದ್ದಳು. ಸಿದ್ದಯ್ಯನಿಗೆ ಅದು ಚುಚ್ಚುತ್ತಿರಲಿಲ್ಲ ಎಂದಲ್ಲ. ನನ್ನ ಮುಂದೆ ಒಮ್ಮೆ, ‘ಮಗಳು ನನಗೂ ಬೇಕು ಕಣ್ಲಾ. ಆದ್ರೆ ಸುಳ್ಳಿಗೆ ತಲೆ ಬಗ್ಸಿ ಕರ್ಕೊಂಡ್ ಬಂದ್ರೆ ಅವಳ ಮುಖ ನೋಡಕ್ಕೆ ನನಗೆ ನಾಚ್ಕೆ ಆಯ್ತದೆ’ ಎಂದ.

ಆಗ ಅವನು ಪುಟ್ಟಮಾದಮ್ಮನನ್ನು ಹಿಡಿದ. ಅವಳು ಹುಟ್ಟಿದ್ದು ಹಳೇಮಾಳದಲ್ಲಿ ಎಂದು ಕೆರೆಯ ಹೆಂಗಸರಿಂದ ಗೊತ್ತಾಗಿತ್ತು. ನನಗೆ ರಜೆ ಇದ್ದ ದಿನ ಮೂವರೂ ಆ ಪಾಳು ಊರಿಗೆ ಹೋದೆವು. ಮುದುಕಿ ಮೊದಲು ಒಪ್ಪಲಿಲ್ಲ. ಹೋದ ಮೇಲೆ ಒಂದು ಒರಳಿನ ಮುಂದೆ ಕೂತುಬಿಟ್ಟಳು. ‘ಇದು ನಮ್ಮವ್ವಂದು’ ಎಂದು ಅದರ ಅಂಚನ್ನು ಸವರಿದಳು. ಒಳಗೆ ತುಂಬಿದ್ದ ತರಗೆಲೆಯನ್ನು ಎತ್ತಿ ಹಾಕಿದಳು. ಆಮೇಲೆ ಹೇಳಿದಳು.

‘ಆ ವರ್ಸ ರಾಗಿ ಬೋ ಬೆಳೀತು ಕಣಪ್ಪ. ಮನೆಮನೇಲೂ ಇಲಿ. ಇಲಿ ತಿನ್ನಕೆ ಗೂಬೆ ಬಂದೊ. ನಮ್ಮಪ್ಪನೇ ಮುಂದೆ ನಿಂತು ಹೊಗೆ ಹಾಕ್ಸಿ ಎಲ್ಲಾನೂ ಬಡಿಸಿ ಸಾಯಿಸ್ದ. ಊರೆಲ್ಲ ನಮ್ಮಪ್ಪನ್ನ ಹೊಗಳ್ತು. ಆಮೇಲೆ ನೋಡು, ಇಲಿ ಸೂರಿಂದ ಪಟಪಟ ಅಂತ ಬಿದ್ ಸಾಯಕ್ಕೆ ಸುರುವಾದೊ. ಜನಕ್ಕೆ ಕಂಕುಳಲ್ಲಿ ಗಂಟು. ಪಿಳೇಗು ಅಂದ್ರು. ನಮ್ಮವ್ವ ಓದ್ಲು, ನಮ್ಮಪ್ಪ ಓದ. ಗೂಬೆ ಬಂದಿದ್ದು ಎಲ್ಲಾರ್ಗೂ ಗ್ಯಾಪ್ಕ ಅದೆ. ನಾವು ಬಡಿದಿದ್ದು ಯಾರ್ಗೂ ಗ್ಯಾಪ್ಕ ಇಲ್ಲ.’

ಸಿದ್ದಯ್ಯ ಅವಳ ಕೈ ಹಿಡಿದು ಎಬ್ಬಿಸಿದ. ಊರಿಗೆ ಬಂದವನೇ ಪಟೇಲರ ಜಗಲಿಯಲ್ಲಿ ನಿಂತು ಎಲ್ಲವನ್ನೂ ಹೇಳಿದ. ಪಟೇಲರು ಎಲೆ ಅಡಿಕೆ ಅಗಿಯುತ್ತ, ಕೂಲಿಯೋಳ ಮಾತು ಕಟ್ಕೊಂಡು ನಮಗೆ ಬುದ್ಧಿ ಹೇಳಕ್ಕೆ ಬಂದ್ಯಾ ಎಂದರು. ಅದು ಹೋಗಲಿ, ಮನೆಗೆ ಬಂದು ಹೆಂಡತಿಗೆ ಹೇಳಿದ. ಗುರುಶಾಂತಮ್ಮ ಪೂರ್ತಿ ಕೇಳಿದಳು. ನಾನೂ ಅಲ್ಲೇ ಇದ್ದೆ. ಗಂಡನ ಕಡೆ ನೋಡದೆ, ನನಗೆ ಹೇಳಿದಳು: ‘ನಿಂಗರಾಜಣ್ಣ, ಆ ಕಾಲದ ಇಲಿ ಕಟ್ಕೊಂಡು ನಾನೇನ್ ಮಾಡ್ಲಿ? ನನ್ ಮಗಳು ಬಂದಳಾ ಅದರಿಂದ?’ ಆಯಮ್ಮ ಕೇಳಿದ್ದು ನ್ಯಾಯವಾಗಿತ್ತು.

ಪುಷ್ಯದಲ್ಲಿ, ಸಂಕ್ರಾಂತಿ ಇನ್ನೂ ಮುಂದಿರುವಾಗ, ಒಂದು ಬೆಳಿಗ್ಗೆ ನಾನು ಅವನ ಮನೆಗೆ ಹೋದೆ. ಸಿದ್ದಯ್ಯ ಕೆರೆಗೆ ಹೋಗಿದ್ದ. ಉತ್ತರದ ಕಡೆಯಿಂದ ತಲೆಗೆ ಕಪ್ಪು ಪಟ್ಟೆಯಿದ್ದ ದೊಡ್ಡ ಬಾತುಗಳು ಬಂದು ಇಳಿದಿದ್ದವು, ಅವು ಇರುವಷ್ಟು ದಿನ ಅವನು ಮನೆ ಸೇರುತ್ತಿರಲಿಲ್ಲ. ಮನೆಯ ಮುಂದೆ ನೋಡಿದರೆ ಪಿರಿಯಾಪಟ್ಟಣದಿಂದ ಗುರುಶಾಂತಮ್ಮನ ತಮ್ಮ ದೇವಯ್ಯ ಬಂದಿದ್ದಾನೆ. ಜೊತೆಗೆ ಇಬ್ಬರು ಆಳು, ಉದ್ದನೆಯ ಗಳು, ಕೆಂಡ ತುಂಬಿದ ಮಡಕೆ, ಒಣಮೆಣಸಿನಕಾಯಿ. ಪಟೇಲರ ಕಡೆಯ ನಾಲ್ಕಾರು ಜನ ಬೀದಿಯಲ್ಲಿ ಸೇರಿದ್ದಾರೆ. ಇವರನ್ನು ಕರೆಸಿದ್ದು ಬೇರೆ ಯಾರೂ ಅಲ್ಲ, ಗುರುಶಾಂತಮ್ಮನೇ.

‘ಬಾವ ಬರೋದ್ರೊಳಗೆ ಮುಗೀಲಿ ಕಣಕ್ಕ’ ಎಂದ ದೇವಯ್ಯ. ನನಗೆ ಸಿಟ್ಟು ನೆತ್ತಿಗೇರಿತು. ನಾನು ಬಾಯಿ ತೆರೆದೆ. ಗುರುಶಾಂತಮ್ಮ ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟಕ್ಕೆ ಹುಣಸೂರು ಬಸ್‌ಸ್ಟ್ಯಾಂಡಿನ ರೌಡಿಗಳೂ ಬಾಯಿ ಮುಚ್ಚಬೇಕು. ನಾನೂ ಮುಚ್ಚಿದೆ.

ಅಟ್ಟದ ಮೇಲೆ ಬಾಣಂತನಕ್ಕೆಂದು ತೆಗೆದಿಟ್ಟ ಬೆಲ್ಲದ ಗಡಿಗೆಗಳಿದ್ದವು. ಹೊಗೆಗೆ ಕೆಡುತ್ತವೆ, ಮೊದಲು ಇಳಿಸಿಕೊಡುತ್ತೇನೆ ಎಂದು ಗುರುಶಾಂತಮ್ಮ ತಾನೇ ಏಣಿ ಹತ್ತಿದಳು. ಗೂಬೆ ಬಂದ ಮೇಲೆ ಆಯಮ್ಮ ಅಟ್ಟ ಹತ್ತಿದ್ದು ಅದೇ ಮೊದಲು. ಒಂದು ಗಡಿಗೆ ಕೆಳಗೆ ಕೊಟ್ಟಳು. ಎರಡನೆಯದಕ್ಕೆ ಕೈ ಚಾಚಿದವಳು ಹಾಗೆಯೇ ನಿಂತಳು. ಮೇಲಿಂದ ಬುಸ್ ಬುಸ್ ಎಂದು ಸದ್ದು ಬಂತು. ‘ಅಕ್ಕ, ಇಳಿ, ಕಚ್ಚೀತು’ ಎಂದ ದೇವಯ್ಯ. ಆಯಮ್ಮ ಇಳಿಯಲಿಲ್ಲ. ಬಹಳ ಹೊತ್ತು ಇಳಿಯಲಿಲ್ಲ. ಆಮೇಲೆ ಎರಡು ಮೆಟ್ಟಿಲು ಕೆಳಗೆ ಬಂದು, ಏಣಿಯ ಮೇಲೆಯೇ ಕೂತುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

‘ಕೆಂಡ ಆಚೆ ತಗೊಂಡೋಗು’ ಎಂದಳು.

‘ಯಾಕಕ್ಕ?’

‘ಮೂರು ಮರಿ ಅವೆ ಕಣೋ. ಇನ್ನೂ ಪುಕ್ಕ ಬಂದಿಲ್ಲ. ನನ್ನ ನೋಡಿ ಅವು ಬೆದರಿದ್ರೆ, ತಾಯಿ ರೆಕ್ಕೆ ಅಗಲಿಸ್ಕೊಂಡು ಮೇಲೆ ಮುಚ್ಕೊಂಡು ಕೂತದೆ. ಓಡ್ಹೋಗ್ಬಹುದಿತ್ತು, ಓಗ್ಲಿಲ್ಲ. ನನ್ ಕಣ್ಣಲ್ಲಿ ಕಣ್ಣಿಟ್ಟು ನೋಡ್ತು.’ ಆಯಮ್ಮ ಅಟ್ಟದ ಕಡೆ ಕೈ ತೋರಿಸಿದಳು. ‘ಬಾಣಂತಿ ಕಣೋ ಅವಳು. ನನ್ ಮನೇಲಿ ಹೆತ್ತವ್ಳೆ. ಬಾಣಂತಿ ಕೋಣೆಗೆ ಮೆಣಸಿನಕಾಯಿ ಹೊಗೆ ಹಾಕಿದ್ನ ಎಲ್ಲಾದ್ರೂ ಕೇಳಿದ್ದೀಯೇನೋ? ಹಂಗೆ ಓಡಿಸಿದ ಮನೇಲಿ ನನ್ ಮಗಳನ್ನ ಹೆಂಗೋ ಹೆರಿಗೆಗೆ ಮಲಗಿಸ್ಲಿ?’

ದೇವಯ್ಯ ಏನೋ ಹೇಳಲು ಹೋದ. ಬೀದಿಯಿಂದ ಯಾರೋ, ‘ನಿಮ್ ಬೀಗರಿಗೆ ಏನ್ ಹೇಳ್ತೀರವ್ವ?’ ಎಂದರು. ‘ಅದು ನನ್ ತಲೆನೋವು, ನೀವು ನಿಮ್ ಮನೆಗೆ ನಡೀರಿ’ ಎಂದಳು. ಆಳುಗಳು ಮಡಕೆಯನ್ನು ಎತ್ತಿಕೊಂಡರು. ಆಯಮ್ಮ ಏಣಿಯಿಂದ ಕದಲಲಿಲ್ಲ.

ಸಿದ್ದಯ್ಯ ಕೆರೆಯಿಂದ ಬಂದದ್ದು ಇಂಥ ಹೊತ್ತಿಗೆ. ಬೀದಿಯಲ್ಲಿ ಕೆಂಡ, ಬಾಗಿಲಲ್ಲಿ ಗಳು, ಏಣಿಯ ಮೇಲೆ ಹೆಂಡತಿ. ಗುರುಶಾಂತಮ್ಮ ತಿಂಗಳುಗಳ ಮೇಲೆ ಗಂಡನ ಜೊತೆ ಮಾತಾಡಿದಳು. ‘ಕೈಕಾಲ್ ತೊಳ್ಕೊಂಡ್ ಬನ್ನಿ. ಉಣ್ಣೀರಂತೆ. ಒಡೆದ ಹೆಂಚು ಹಂಗೇ ಇರ್ಲಿ, ಮುಚ್ಚಬೇಡಿ. ಅವು ಓಡಾಡಬೇಕು.’ ಅವನು ಬಚ್ಚಲಿಗೆ ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಹೋಗಿ ನೋಡಿದರೆ ತುಂಬಿದ ಚೊಂಬು ಹಿಡಿದುಕೊಂಡು ಅಳುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ನನ್ನನ್ನು ಹುಣಸೂರು, ಕೆ.ಆರ್. ನಗರ, ಭೇರ್ಯದ ದಾರಿಗೆ ಹಾಕಿದ್ದರು. ಗುರುಶಾಂತಮ್ಮ ಒಬ್ಬಳೇ ಬಂದು ನನ್ನ ಬಸ್ಸು ಹತ್ತಿದಳು. ಸಿದ್ದಯ್ಯ ತಾನೂ ಬರುತ್ತೇನೆ ಎಂದನಂತೆ. ‘ನೀವು ಬಂದ್ರೆ ಗಂಡಸ್ರ ಜಗಳ ಆಯ್ತದೆ. ಇದು ಹೆಂಗಸ್ರ ಕೆಲಸ’ ಎಂದು ಬಿಟ್ಟು ಬಂದಿದ್ದಳು. ಭೇರ್ಯದಲ್ಲಿ ಬಸ್ಸು ಊಟಕ್ಕೆ ನಿಲ್ಲುತ್ತದೆ. ನಾನು ಊಟ ಬಿಟ್ಟು ಆಯಮ್ಮನ ಹಿಂದೆ ಹೋದೆ.

ಚಿಕ್ಕಬಸಪ್ಪ ಭತ್ತದ ಮೂಟೆಗಳ ನಡುವೆ ಕೂತಿದ್ದ. ‘ಹಕ್ಕಿ ಓಯ್ತಾ?’ ಎಂದ.

‘ಇಲ್ಲ ಬೀಗ್ರೇ. ಮರಿ ಮಾಡ್ಯದೆ. ಓಡಿಸಕ್ಕೆ ನಾನು ಬುಡ್ಲಿಲ್ಲ. ಚೊಚ್ಚಲ ಹೆರಿಗೆ ತವರಲ್ಲಿ ಆಗ್ಬೇಕು ಅನ್ನೋದು ನಿಮ್ಮನೇಲೂ ಅದೆ, ನಮ್ಮನೇಲೂ ಅದೆ. ಕಳಿಸ್ಕೊಡಿ.’

‘ಗೂಬೆ ಹೊಕ್ಕಿದ್ದು ತವರಲ್ಲ, ಪಾಳು.’

ಆಗ ಒಳಗಿನಿಂದ ನೀಲಾಂಬಿಕೆ ಬಂದಳು. ಕಂಕುಳಲ್ಲಿ ಬಟ್ಟೆಯ ಗಂಟು ಇರುಕಿಕೊಂಡೇ ಬಂದಿದ್ದಳು. ತುಂಬು ಬಸುರಿ, ಬಾಗಿಲ ಚೌಕಟ್ಟು ಹಿಡಿದು ನಿಂತಳು. ‘ಮಾವ, ನಿಮ್ಮ ಮಾತು ಮೀರ್ತಾ ಇಲ್ಲ ಅಂತ ಸುಳ್ಳು ಹೇಳಲ್ಲ. ಮೀರ್ತಾನೇ ಇದ್ದೀನಿ. ನಮ್ಮವ್ವ ಬಂದವಳೆ, ಹೋಗ್ತೀನಿ’ ಎಂದಳು. ಮೂಲೆಯಲ್ಲಿದ್ದ ಅವಳ ಗಂಡ ನೆಲ ನೋಡಿದ. ಆದರೆ ಅವಳು ಇಳಿಯುವಾಗ ಗಂಟನ್ನು ತಾನು ತೆಗೆದುಕೊಂಡು ಬಸ್ಸಿನವರೆಗೂ ಹೊತ್ತು ತಂದ. ಅಷ್ಟಾದರೂ ಮಾಡಿದ, ದೇವರು ಅವನನ್ನು ಚೆನ್ನಾಗಿಟ್ಟಿರಲಿ.

‘ಹೋಗೋದಾದ್ರೆ ಹೋಗು. ಆ ಮನೆ ಹೊಸಿಲು ನಾನು ತುಳಿಯಲ್ಲ. ಮಗು ಮುಖ ನೋಡ್ದಿದ್ರೂ ಸರಿಯೇ’ ಎಂದು ಚಿಕ್ಕಬಸಪ್ಪ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಬಸ್ಸಿನಲ್ಲಿದ್ದವರಿಗೂ ಕೇಳಿಸಿತು. ತಾಯಿ ಮಗಳು ಮುಂದಿನ ಸೀಟಿನಲ್ಲಿ ಕೂತರು. ಕುಲುಕದ ಹಾಗೆ ಓಡಿಸು ಎಂದು ನಾನು ಡ್ರೈವರನ ಪ್ರಾಣ ತೆಗೆದೆ.

ಹೆರಿಗೆ ಸುಲಭವಾಗಲಿಲ್ಲ. ಶಿವರಾತ್ರಿ ಕಳೆದ ವಾರ, ಬೆಳಗಿನಿಂದ ಶುರುವಾದ ನೋವು ಬಿಸಿಲು ನೆತ್ತಿಗೆ ಬಂದರೂ ಮುಗಿದಿರಲಿಲ್ಲ. ಸೂಲಗಿತ್ತಿಯ ಜೊತೆ ಪುಟ್ಟಮಾದಮ್ಮನೂ ಒಳಗಿದ್ದಳು. ಬೀದಿಯಲ್ಲಿ ಜನ ಸೇರಿದ್ದರು. ಕೆಟ್ಟದ್ದಾಗಲಿ ಎಂದು ಯಾರೂ ಬಯಸಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೆ ಕೆಟ್ಟದ್ದಾದರೆ ಏನು ಹೇಳಬೇಕೆಂದು ಎಲ್ಲರೂ ಸಿದ್ಧವಾಗಿ ನಿಂತಿದ್ದರು. ಸಿದ್ದಯ್ಯ ಜಗಲಿಯ ಮೇಲೆ ನನ್ನ ಕೈ ಹಿಡಿದು ಕೂತಿದ್ದ. ‘ಹೆದರಿಕೆ ಆಯ್ತದೆ ಕಣ್ಲಾ’ ಎಂದ. ‘ಗೂಬೆಗಾ?’ ಎಂದೆ. ‘ಥೂ. ನನ್ ಮಗಳಿಗೆ ಏನಾದ್ರೂ ಆದ್ರೆ, ಅಂತ’ ಎಂದ. ಅಷ್ಟರಲ್ಲಿ ಒಳಗೆ ಮಗು ಅತ್ತಿತು. ಅವನು ನನ್ನ ಕೈ ಬಿಟ್ಟು ಬಾಗಿಲ ಕಡೆ ಎದ್ದ.

ಹೆಣ್ಣು ಮಗು. ಗೂಬೆಯ ದೆಸೆಯಿಂದ ಹೆಣ್ಣಾಯಿತು ಎಂದು ಬೀದಿಯಲ್ಲಿ ಒಬ್ಬ ಅಂದ. ಅವನ ಮನೆಯಲ್ಲಿ ಐವರು ಹೆಣ್ಣುಮಕ್ಕಳು. ಅವನ ಅಟ್ಟಕ್ಕೆ ಯಾವ ಹಕ್ಕಿ ಬಂದಿತ್ತು ಎಂದು ನಾನು ಕೇಳಿದೆ. ಅವನು ಇನ್ನೂ ಉತ್ತರ ಹೇಳಿಲ್ಲ. ಮಠದ ಅಯ್ಯನವರು ಯಾರ ಮಾತನ್ನೂ ಕೇಳಿಸಿಕೊಳ್ಳದೆ ನೇರ ಒಳಗೆ ಹೋಗಿ ಮಗುವಿಗೆ ಲಿಂಗಧಾರಣೆ ಮಾಡಿಸಿ, ಆ ಮನೆಯ ಹಾಲು ಕುಡಿದು ಹೋದರು. ಅಳಿಯ ಎರಡು ಸಲ ಬಂದು ಹೋದ. ಚಿಕ್ಕಬಸಪ್ಪ ಬರಲಿಲ್ಲ.

ಬಂದದ್ದು ಯುಗಾದಿಯ ಆಚೆ, ಸುಡುಬಿಸಿಲಿನ ಒಂದು ಮಧ್ಯಾಹ್ನ. ಕೈಯಲ್ಲಿ ಒಂದು ರೇಷ್ಮೆಯ ಕುಲಾವಿ. ಅವತ್ತು ನಾನೂ ಅಲ್ಲೇ ಇದ್ದೆ. ಈ ಸಲ ಎದುರು ಮನೆಯ ಜಗಲಿಗೆ ಹೋಗಲಿಲ್ಲ, ಸಿದ್ದಯ್ಯನ ಮನೆಯ ಮುಂದೆಯೇ ಬೀದಿಯಲ್ಲಿ ನಿಂತ. ಸಿದ್ದಯ್ಯ ಎದ್ದು ನಿಂತು ಕೈ ಮುಗಿದ. ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಕಾಣಿಸಿದವು. ‘ಮಗೂನ ಇಲ್ಲಿಗೆ ತರಿಸಿ, ನೋಡ್ಕೊಂಡ್ ಹೋಗ್ತೀನಿ’ ಎಂದ ಚಿಕ್ಕಬಸಪ್ಪ.

ಗುರುಶಾಂತಮ್ಮ ಚೊಂಬಿನಲ್ಲಿ ಕಾಲಿಗೆ ನೀರು ತಂದು ಹೊಸಿಲ ಒಳಗೆ ಇಟ್ಟಳು, ಹೊರಗಲ್ಲ. ‘ಎಳೆ ಕೂಸು ಬೀಗ್ರೇ, ಬಿಸಿಲಿಗೆ ತರಲ್ಲ. ನಿಮ್ಮ ಮೊಮ್ಮಗಳು ಒಳಗವಳೆ, ಅವಳ ಮನೇಲಿ. ನೋಡ್ಬೇಕು ಅಂದ್ರೆ ಒಳಕ್ಕೆ ಬನ್ನಿ.’

ಚಿಕ್ಕಬಸಪ್ಪ ಕುಲಾವಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಒಳಗೆ ಮಗು ರಾಗ ತೆಗೆಯಿತು. ಅವನು ಕತ್ತು ಚಾಚಿ ನೋಡಿದ, ಕಾಣಲಿಲ್ಲ. ಬೀದಿಯ ತಲೆಗಳ ಕಡೆ ಒಮ್ಮೆ ತಿರುಗಿದ. ಆಮೇಲೆ ಚಪ್ಪಲಿ ಬಿಟ್ಟು, ಹೊಸಿಲು ದಾಟಿ, ಆ ಮನೆಯ ನೀರಿನಲ್ಲೇ ಕಾಲು ತೊಳೆದ.

ನೀಲಾಂಬಿಕೆ ಮಗುವನ್ನು ಅವನ ತೊಡೆಯ ಮೇಲೆ ಇಟ್ಟಳು. ಕುಲಾವಿ ದೊಡ್ಡದಾಯಿತು, ಕಣ್ಣಿನವರೆಗೂ ಇಳಿಯಿತು. ಅದನ್ನು ಅವನು ಹಿಂದಕ್ಕೆ ಸರಿಸುತ್ತಿರುವಾಗ ನೆತ್ತಿಯ ಮೇಲೆಯೇ, ಅಟ್ಟದಲ್ಲಿ ಗೂಬೆ ಬುಸ್ಸೆಂದಿತು. ಚಿಕ್ಕಬಸಪ್ಪ ಬೆಚ್ಚಿಬಿದ್ದ, ಕಣ್ಣು ಬಾಗಿಲ ಕಡೆ ಹೋಯಿತು. ಮಗುವನ್ನು ಮಾತ್ರ ಇನ್ನಷ್ಟು ಒತ್ತಿ ಹಿಡಿದುಕೊಂಡು, ಕೂತಲ್ಲೇ ಕೂತಿದ್ದ.